ಒಂದ್ಸಲ ತೋರಿಸಿದ್ದಾಯ್ತಲ್ಲ, ಮತ್ತೆ ಹೋಗ್ಬೇಕಾ?

"ಅಕ್ಕ, ನಮಸ್ತೆ. ನಂಗೆ 36 ವರ್ಷ, ಮಂಡ್ಯ ಹತ್ರ ಒಂದು ಹಳ್ಳಿ, ಅಲ್ಲೇ ಪ್ರೈವೇಟ್ ಸ್ಕೂಲಲ್ಲಿ ಪ್ರೈಮರಿ ಟೀಚರ್. ಸಂಕ್ರಾಂತಿ ಆದ್ಮೇಲೆ ಶುರುವಾದ ಗಂಟಲು ನೋವು, 5 ವಾರ ಆಯ್ತು, ಹೋಗ್ತಾನೇ ಇಲ್ಲ. ನಾಲ್ಕನೇ ದಿನ ನಮ್ಮ ಮಾವನವರ ಸ್ನೇಹಿತರು ಡಾಕ್ಟರ್ ಒಬ್ರಿಗೆ ತೋರಿಸ್ದೆ, 3 ದಿನದ ಆಂಟಿಬಯಾಟಿಕ್ ಕೊಟ್ಟು 'ವಾರದಲ್ಲಿ ಹೋಗುತ್ತೆ ಬಿಡಮ್ಮ' ಅಂದ್ರು. ಸ್ವಲ್ಪ ಕಮ್ಮಿಯಾಗಿ ಮತ್ತೆ ಬಂತು. ನಮ್ಮನೆಯವ್ರು ಮೆಡಿಕಲ್‌ನಿಂದ ಅದೇ ಮಾತ್ರೆ ಇನ್ನೊಂದ್ಸಲ ತಂದುಕೊಟ್ರು, ಅದೂ ಮುಗೀತು. ಈಗ ಜ್ವರ ಇಲ್ಲ, ಊಟ ಇಳಿಯುತ್ತೆ, ಆದ್ರೆ ಬೆಳಿಗ್ಗೆ ಗಂಟಲು ಉರಿ, ಮೂರನೇ ಪೀರಿಯಡ್‌ಗೆಲ್ಲ ಧ್ವನಿ ಒಡೆಯುತ್ತೆ. ಮನೆ ಹಿಂದೇನೇ ಆಲೆಮನೆ, ಹೊಗೆ ಅಂತಾರೆ ಎಲ್ಲ. ಆ ಡಾಕ್ಟರ್ ನಮ್ಮತ್ರ ಫೀಸ್ ತಗೊಳಲ್ಲ, ಅದಕ್ಕೇ ಮತ್ತೆ ಹೋಗೋಕೆ ಸಂಕೋಚ. ಬೇರೆ ಕಡೆ ಹೋದ್ರೆ ಮಾವನವರಿಗೆ ಬೇಜಾರು. ನಮ್ಮನೆಯವ್ರು 'ಒಂದ್ಸಲ ತೋರಿಸಿದ್ದಾಯ್ತಲ್ಲ' ಅಂತಾರೆ. ನಮ್ಮ ಸೋದರಮಾವ ಗಂಟಲು ಕ್ಯಾನ್ಸರಲ್ಲಿ ಹೋದ್ರು, ರಾತ್ರಿ ಮಲಗಿದ್ರೆ ಅದೇ ಯೋಚನೆ. ಇನ್ನೊಂದು, ಹೋದ ವರ್ಷ ವೀಸಿಂಗ್ ಅಂತ ಮೈಸೂರಲ್ಲಿ ಬೇರೆಯವ್ರಿಗೆ ತೋರಿಸಿದ್ದೆ, ಮನೇಲಿ ಹೇಳಿಲ್ಲ, ಅವ್ರು ಕೊಟ್ಟ ಪಂಪ್ ದಿನಾ ರಾತ್ರಿ ತಗೊಂಡು ಮಲಗ್ತೀನಿ. ಮತ್ತೆ ಡಾಕ್ಟರ್ ಹತ್ರ ಹೋಗ್ಲಾ ಅಥವಾ ಇನ್ನೂ ಸ್ವಲ್ಪ ದಿನ ನೋಡ್ಲಾ?"

ತಂಗಿ, ಅಕ್ಕ ಅಂತ ಕರೆದಿದ್ದೀಯ, ಹಂಗಾಗಿ ನೀನು ಅಂತಲೇ ಬರೀತೀನಿ. ಹೋಗು. ಇನ್ನೊಂದು ವಾರ ನೋಡೋಣ ಅನ್ನೋದು ಬೇಡ, ಪರೀಕ್ಷೆ ಮುಗೀಲಿ ಆಮೇಲೆ ನೋಡ್ಕೊಳೋಣ ಅನ್ನೋದಂತೂ ಬೇಡವೇ ಬೇಡ. ಮೊದಲು ಅದೇ ಡಾಕ್ಟರ್ ಹತ್ರಾನೇ ಹೋಗು.

ನೀನು ಮೊದಲು ಹೋಗಿದ್ದು ನಾಲ್ಕನೇ ದಿನ ಅಲ್ವಾ, ಅವತ್ತು ಟಾರ್ಚ್ ಹಾಕಿ ನೋಡಿದ್ರೆ ಯಾರಿಗಾದ್ರೂ ಕಾಣೋದು ಕೆಂಪಗಾಗಿರೋ ಗಂಟಲು ಅಷ್ಟೇ. ಅಂಥ ಗಂಟಲು ನೋವಲ್ಲಿ ಹೆಚ್ಚಿನವು ವೈರಸ್ಸಿಂದ ಬರೋವು, ವಾರ ಹತ್ತು ದಿನದಲ್ಲಿ ತಾವಾಗೇ ಹೋಗ್ತವೆ, ಅದಕ್ಕೇ ಅವ್ರು ಬಾಯ್ತುಂಬ ವಾರದಲ್ಲಿ ಹೋಗುತ್ತೆ ಅಂದಿದ್ದು. ಅವತ್ತಿನ ಮಟ್ಟಿಗೆ ಅದು ಸರಿಯಾದ ಮಾತೇ. ಆದ್ರೆ ನೀನು ತಿರುಗಿ ಹೋಗ್ಲಿಲ್ಲ, ಹಂಗಾಗಿ ಅವ್ರ ಲೆಕ್ಕದಲ್ಲಿ ನಿನ್ನ ಗಂಟಲು ಜನವರಿಯಲ್ಲೇ ವಾಸಿಯಾಗಿದೆ! ಧ್ವನಿ ಒಡೀತಿರೋದು ಅವ್ರಿಗೆ ಗೊತ್ತಿಲ್ಲ, ಮಾತ್ರೆ ಎರಡನೇ ಸಲ ತಗೊಂಡಿದ್ದು ಗೊತ್ತಿಲ್ಲ, ಪಂಪಿನ ವಿಷ್ಯ ಮೊದಲೇ ಗೊತ್ತಿಲ್ಲ. ನೀನು ಅದೇ ಪ್ರಶ್ನೆ ಮತ್ತೆ ಕೇಳೋಕೆ ಹೋಗ್ತಿಲ್ಲ ಕಣಮ್ಮ, ಅವ್ರ ಹತ್ರ ಇಲ್ಲದೇ ಇರೋ ಸುದ್ದಿ ತಗೊಂಡು ಹೋಗ್ತಿದ್ದೀಯ. 5 ವಾರ ಆದ್ರೂ ಹೋಗಿಲ್ಲ ಅನ್ನೋದೇ ಡಾಕ್ಟ್ರಿಗೆ ದೊಡ್ಡ ಸುಳಿವು, ಅದನ್ನ ಕೇಳಿದ ತಕ್ಷಣ ಅವ್ರು ಯೋಚನೆ ಮಾಡೋ ದಾರಿನೇ ಬೇರೆ ಆಗುತ್ತೆ.

ಇನ್ನು ಪಂಪಿನ ವಿಷ್ಯ. ಕಾಗದದ ಕೊನೇಲಿ ಇನ್ನೊಂದು ಅಂತ ಸೇರಿಸಿ ಬರೆದಿದ್ದೀಯ, ನಂಗೆ ಓದ್ತಾ ಓದ್ತಾ ಅದೇ ಮುಖ್ಯ ಅನ್ನಿಸ್ತು. ವೀಸಿಂಗ್‌ಗೆ ದಿನಾ ತಗೊಳ್ಳೋ ಪಂಪಲ್ಲಿ ಸಾಮಾನ್ಯವಾಗಿ ಸ್ಟೀರಾಯ್ಡ್ ಇರುತ್ತೆ, ಡಬ್ಬಿ ಮೇಲೆ ಬುಡೆಸೊನೈಡ್ ಅಂತಲೋ ಫ್ಲೂಟಿಕಾಸೋನ್ ಅಂತಲೋ ಬರೆದಿದೆಯಾ ನೋಡು. ಅದು ಒಳ್ಳೆ ಔಷಧಿನೇ, ಶ್ವಾಸಕೋಶಕ್ಕೆ ಬೇಕಾದ್ದೇ, ಆದ್ರೆ ಎಳ್ಕೊಂಡಾಗ ಸ್ವಲ್ಪ ಗಂಟಲಲ್ಲೇ ಕೂತ್ಬಿಡುತ್ತೆ. ತಗೊಂಡ್ಮೇಲೆ ಬಾಯಿ ಮುಕ್ಕಳಿಸದೆ ಹಂಗೇ ಮಲಗಿದ್ರೆ ಗಂಟಲು ಕೆರೆಯೋದು, ಧ್ವನಿ ಗೊಗ್ಗರಾಗೋದು, ಕೆಲವ್ರಿಗೆ ಬಾಯಲ್ಲಿ ಗಂಟಲಲ್ಲಿ ಬಿಳಿ ಬಿಳಿ ಫಂಗಸ್ ಬರೋದು ಎಲ್ಲ ಆಗುತ್ತೆ. ಅದರ ಮೇಲೆ ಎರಡು ಸಲ ಆಂಟಿಬಯಾಟಿಕ್ ಬೇರೆ. ಆಂಟಿಬಯಾಟಿಕ್ ವೈರಸ್ಸಿಗೂ ಕೆಲಸ ಮಾಡಲ್ಲ ಫಂಗಸ್ಸಿಗೂ ಮಾಡಲ್ಲ, ಬಾಯಲ್ಲಿರೋ ಒಳ್ಳೆ ಬ್ಯಾಕ್ಟೀರಿಯಾನ ಕೊಂದು ಫಂಗಸ್ಸಿಗೆ ಜಾಗ ಮಾಡಿಕೊಡುತ್ತೆ. ನಿಂದು ಇದೇ ಅಂತ ನಾನು ಇಲ್ಲಿಂದ ಹೇಳೋಕಾಗಲ್ಲ, ಹೇಳಲೂಬಾರ್ದು, ಆದ್ರೆ ಡಾಕ್ಟ್ರಿಗೆ ಇದು ಗೊತ್ತಾಗದೆ ಅವ್ರು ಎಷ್ಟು ಮಾತ್ರೆ ಬದಲಾಯಿಸಿದ್ರೂ ಕತ್ತಲಲ್ಲಿ ಹುಡುಕಿದ ಹಾಗೇ. ಇದನ್ನ ಓದಿ ಪಂಪ್ ಮಾತ್ರ ನಿಲ್ಲಿಸ್ಬೇಡ, ಹಠಾತ್ತಾಗಿ ಬಿಟ್ರೆ ವೀಸಿಂಗ್ ತಿರುಗಿ ಬರಬಹುದು. ಇವತ್ತು ರಾತ್ರಿಯಿಂದ ತಗೊಂಡ ತಕ್ಷಣ ನೀರು ಹಾಕ್ಕೊಂಡು ಗಂಟಲವರೆಗೂ ಚೆನ್ನಾಗಿ ಮುಕ್ಕಳಿಸಿ ಉಗಿ, ನುಂಗ್ಬೇಡ. ಸ್ಪೇಸರ್ ಅಂತ ಪ್ಲಾಸ್ಟಿಕ್ ಕೊಳವೆ ಸಿಗುತ್ತೆ, ಅದು ಬೇಕಾ ಅಂತಾನೂ ಕೇಳು.

ಧ್ವನಿ ವಿಷ್ಯನೂ ಸುಮ್ನೆ ಬಿಡೋದಲ್ಲ. ಗಂಟಲು ನೋವಿರ್ಲಿ ಬಿಡ್ಲಿ, ಧ್ವನಿ ಒಡೆಯೋದು ಮೂರ್ನಾಲ್ಕು ವಾರ ದಾಟ್ತು ಅಂದ್ರೆ ಇಎನ್‌ಟಿ ಡಾಕ್ಟರ್ ಒಬ್ರು ಧ್ವನಿಪೆಟ್ಟಿಗೆನ ಕಣ್ಣಾರೆ ನೋಡ್ಲೇಬೇಕು. ಮೂಗಿಗೆ ಮರಗಟ್ಟೋ ಸ್ಪ್ರೇ ಹೊಡೆದು ತೆಳ್ಳನೆ ಟ್ಯೂಬ್ ಒಳಗೆ ಬಿಟ್ಟು ನೋಡ್ತಾರೆ, ಸ್ವಲ್ಪ ಕಸಿವಿಸಿ ಆಗುತ್ತೆ, ಕೆಲವೇ ನಿಮಿಷದ ಕೆಲಸ, ಅಡ್ಮಿಟ್ ಆಗೋದೇನಿಲ್ಲ. ಟೀಚರ್‌ಗಳಿಗೆ ದಿನವಿಡೀ ಮಕ್ಕಳ ಗಲಾಟೆ ಮೇಲೆ ಕೂಗಿ ಕೂಗಿ ಧ್ವನಿತಂತಿ ಮೇಲೆ ಸಣ್ಣ ಗಂಟು ಬರೋದೂ ಉಂಟು, ಅದಕ್ಕೆ ಮಾತ್ರೆಗಿಂತ ಮಾತಾಡೋ ರೀತಿ ತಿದ್ದೋ ಥೆರಪಿನೇ ಮುಖ್ಯ. ಮೈಸೂರಿನ ಮಾನಸಗಂಗೋತ್ರೀಲಿ ನಾವೆಲ್ಲ ಸ್ಪೀಚ್ ಅಂಡ್ ಹಿಯರಿಂಗ್ ಅಂತ ಕರೆಯೋ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆಯಲ್ಲ, ಅಲ್ಲಿ ಕಿವಿ ಕೇಳದ ಮಕ್ಕಳನ್ನ ಮಾತ್ರ ನೋಡ್ತಾರೆ ಅಂತ ಎಷ್ಟೋ ಜನ ಅಂದ್ಕೊಂಡಿದ್ದಾರೆ, ಧ್ವನಿ ತೊಂದ್ರೆನೂ ನೋಡ್ತಾರೆ. ಅಷ್ಟು ದೂರ ಈಗಲೇ ಬೇಡ ಅಂದ್ರೆ ಮಂಡ್ಯ ಮಿಮ್ಸ್ ಆಸ್ಪತ್ರೇಲೇ ಇಎನ್‌ಟಿ ವಿಭಾಗ ಇದೆ, ಬೆಳಿಗ್ಗೆ ಬೇಗ ಹೋಗಿ ಓಪಿಡಿ ಚೀಟಿ ಮಾಡಿಸ್ಕೋ. ಅಲ್ಲಿವರೆಗೂ ಕ್ಲಾಸಲ್ಲಿ ಕೂಗ್ಬೇಡ, ಪಿಸುಗುಟ್ಟಲೂಬೇಡ, ಪಿಸುಮಾತೂ ಗಂಟಲಿಗೆ ಶ್ರಮವೇ.

ಆಲೆಮನೆ ಹೊಗೆ ಕಾರಣ ಇರಬಹುದು, ಇಲ್ಲ ಅನ್ನಲ್ಲ, ಒಲೆಗೆ ಸಿಪ್ಪೆ ಹಾಕಿ ಉರಿಸೋವಾಗ ಗಾಳಿ ನಿಮ್ಮನೆ ಕಡೆ ಬೀಸಿದ್ರೆ ವೀಸಿಂಗ್ ಇರೋರಿಗೆ ಕಷ್ಟವೇ. ಆದ್ರೆ ಹೊಗೆ ಅಂದ್ಬಿಟ್ರೆ ಅಲ್ಲಿಗೆ ಮಾತು ನಿಂತ್ಹೋಗುತ್ತೆ ನೋಡು, ಯಾರೂ ಮುಂದೆ ಕೇಳಲ್ಲ. ನಂಗೂ ಕೆಲವು ವರ್ಷದ ಹಿಂದೆ ನಾಲ್ಕು ತಿಂಗಳು ಗಂಟಲು ಉರಿ ಇತ್ತು, ಮೈಸೂರು ಧೂಳು ಅಂತ ನಾನೇ ತೀರ್ಮಾನ ಮಾಡ್ಕೊಂಡಿದ್ದೆ. ಮೂರನೇ ಸಲ ಹೋದಾಗ ಬೆಳಿಗ್ಗೆನೇ ಜಾಸ್ತಿ ಅಂತ ಬಾಯಿ ತಪ್ಪಿ ಹೇಳ್ದೆ, ಆಗ ಡಾಕ್ಟರ್ ರಾತ್ರಿ ಊಟ ಎಷ್ಟೊತ್ತಿಗೆ ಅಂತ ಕೇಳಿದ್ರು. ಹತ್ತೂವರೆಗೆ ಉಂಡು ಹನ್ನೊಂದಕ್ಕೆ ಮಲಗ್ತಿದ್ದೆ, ಹೊಟ್ಟೆ ಆಸಿಡ್ ಮೇಲಕ್ಕೆ ಬಂದು ಗಂಟಲು ಸುಡ್ತಿತ್ತು, ಎದೆ ಉರಿ ಒಂದಿನಾನೂ ಇರ್ಲಿಲ್ಲ. ನಿಂಗೂ ಬೆಳಿಗ್ಗೆನೇ ಉರಿ ಅಂದಿದ್ದೀಯಲ್ಲ, ಅದನ್ನೂ ಹೇಳು.

ಈಗ ಸೋದರಮಾವನ ವಿಷ್ಯ. ಭಯ ಬಿಡು ಅಂತ ಹೇಳೋದು ಸುಲಭ, ಮನೇಲಿ ಒಬ್ರನ್ನ ಹಂಗೆ ಕಳ್ಕೊಂಡೋರಿಗೆ ಆ ಮಾತು ತಾಗಲ್ಲ ಅಂತ ಗೊತ್ತು. ಅವ್ರಿಗೆ ಬೀಡಿನೋ ಕಡ್ಡಿಪುಡಿನೋ ಅಭ್ಯಾಸ ಇತ್ತಾ ಯೋಚನೆ ಮಾಡು. ಗಂಟಲು ಕ್ಯಾನ್ಸರಿಗೆ ದೊಡ್ಡ ಕಾರಣ ತಂಬಾಕು, ಅದರ ಜೊತೆ ಕುಡಿತ. ಅದ್ಯಾವುದೂ ಇಲ್ಲದ 36 ವರ್ಷದ ಹೆಣ್ಮಗಳಿಗೆ 5 ವಾರದ ಗಂಟಲು ನೋವು ಅಂದ್ರೆ ನಾನು ಮೇಲೆ ಹೇಳಿದಂಥ ಕಾರಣಗಳೇ ತುಂಬ ಹೆಚ್ಚು. ಆದ್ರೂ ಅದಲ್ಲ ಅಂತ ಹೇಳ್ಬೇಕಾದ್ದು ನಾನಲ್ಲ, ಒಳಗೆ ನೋಡಿದವ್ರು. ಒಂದು ವೇಳೆ ಅಂಥದ್ದೇನಾದ್ರೂ ಇದ್ರೂ ಧ್ವನಿಪೆಟ್ಟಿಗೆದು ಶುರುವಲ್ಲೇ ಸಿಕ್ಕಿದ್ರೆ ಚೆನ್ನಾಗಿ ವಾಸಿಯಾಗುತ್ತೆ, ಮತ್ತೆ ಶುರುವಲ್ಲೇ ಸಿಗೋದು ಧ್ವನಿ ಬದಲಾಯ್ತು ಅಂತ ಜನ ಹೋಗಿ ತೋರಿಸಿದಾಗಲೇ. ರಾತ್ರಿ ಎರಡು ಗಂಟೇಲಿ ಮೊಬೈಲಲ್ಲಿ ಹುಡುಕಿದ್ರೆ ಸಮಾಧಾನ ಸಿಗಲ್ಲ ತಂಗಿ, ನಿದ್ದೆ ಹೋಗುತ್ತೆ ಅಷ್ಟೇ.

ಡಾಕ್ಟರ್ ಹತ್ರ ಹೆಂಗೆ ಮಾತಾಡ್ಲಿ ಅನ್ನೋದೇ ನಿನ್ನ ನಿಜವಾದ ಕಷ್ಟ ಅಂತ ನಂಗನ್ನಿಸ್ತು. ನೀನು ಏನಂತ ಕರೀತೀಯೋ ಹಂಗೇ ಕರೆದು, "ನೀವು ಹೇಳಿದ್ ಹಾಗೇ ತಗೊಂಡೆ, ಕಮ್ಮಿಯಾಗಿ ಮತ್ತೆ ಬಂತು, ಇವತ್ತಿಗೆ 5 ವಾರ, ಧ್ವನಿನೂ ಒಡೀತಿದೆ, ಇಎನ್‌ಟಿಗೆ ತೋರಿಸ್ಬೇಕಾ, ಯಾರತ್ರ ಹೋಗ್ಲಿ ನೀವೇ ಹೇಳಿ" ಅನ್ನು. ಅವ್ರೇ ಚೀಟಿ ಬರೆದುಕೊಟ್ರೆ ಮಾವನವರು ಬೇಜಾರಾಗೋ ಮಾತೇ ಬರಲ್ಲ. ಪಂಪಿನ ವಿಷ್ಯ ಮುಚ್ಚಿಡ್ಬೇಡ, ಪಂಪನ್ನೇ ಬ್ಯಾಗಲ್ಲಿ ಹಾಕ್ಕೊಂಡು ಹೋಗಿ ಟೇಬಲ್ ಮೇಲಿಡು, ಮನೇಲಿ ಹೇಳಿಲ್ಲ ಅಂತಾನೂ ಹೇಳು, ಬೇರೆಯವ್ರಿಗೆ ತೋರಿಸಿದ್ದಕ್ಕೆ ಒಂದು ಗಳಿಗೆ ಮುಖ ಸಣ್ಣ ಮಾಡ್ಕೊಂಡ್ರೂ ಮಾಡ್ಕೊಳ್ಳಲಿ. ಫೀಸ್ ತಗೊಳಲ್ಲ ಅನ್ನೋ ಭಾರ ಇದ್ರೆ ಹಿಂದಿನ ಆಲೆಮನೇಲಿ ಬಿಸಿ ಬಿಸಿ ಎರಡು ಅಚ್ಚು ಬೆಲ್ಲ ಕಟ್ಟಿಸ್ಕೊಂಡು ಹೋಗು, ಅದನ್ನ ಬೇಡ ಅನ್ನೋ ಡಾಕ್ಟ್ರು ನಮ್ಮ ಕಡೆ ಇಲ್ಲ.

ನಿಮ್ಮನೆಯವ್ರಿಗೆ ಒಂದು ಮಾತು ನನ್ನ ಕಡೆಯಿಂದ ಓದಿ ಹೇಳು. ಕೊಟ್ಟಿಗೇಲಿ ಹಸು ಎರಡು ದಿನ ಮೇವು ಬಿಟ್ರೆ ನಾವು ಡಾಕ್ಟ್ರನ್ನ ಮನೆಗೇ ಕರೆಸ್ತೀವಿ, ಇಂಜೆಕ್ಷನ್ ಆದ್ಮೇಲೂ ತಿನ್ನಲಿಲ್ಲ ಅಂದ್ರೆ ಮತ್ತೆ ಫೋನ್ ಮಾಡ್ತೀವಿ, ಒಂದ್ಸಲ ತೋರಿಸಿದ್ದಾಯ್ತಲ್ಲ ಅಂತ ಯಾರೂ ಕೈಕಟ್ಟಿ ಕೂರಲ್ಲ. ಪ್ರೀತಿಯಿಂದಲೇ ಮಾತ್ರೆ ತಂದುಕೊಟ್ಟಿದ್ದಾರೆ ಅಂತ ಗೊತ್ತು, ಮುಂದಿನ ಸಲ ಮಾತ್ರೆ ಬದ್ಲು ಬೈಕ್ ತಂದು ಬಾಗಿಲಲ್ಲಿ ನಿಲ್ಲಿಸ್ಲಿ.

ಆ ಅಪಾಯಿಂಟ್‌ಮೆಂಟ್‌ಗೂ ಕಾಯಬಾರದ ಲಕ್ಷಣಗಳು ಕೆಲವಿವೆ, ಇದನ್ನ ಗಮನ ಇಟ್ಟು ಓದು. ಉಸಿರಾಡೋಕೆ ಕಷ್ಟ ಆದ್ರೆ, ಎಂಜಲೂ ನುಂಗೋಕಾಗದೆ ಬಾಯಿಂದ ಸೋರಿದ್ರೆ, ಬಾಯಿ ತೆಗೆಯೋಕೇ ಆಗದಿದ್ರೆ, ಒಂದೇ ಕಡೆ ನೋವು ಜೋರಾಗಿ ಜ್ವರ ಬಂದ್ರೆ, ಎಷ್ಟೊತ್ತೇ ಆಗಿರ್ಲಿ ನೇರ ದೊಡ್ಡಾಸ್ಪತ್ರೆ ಎಮರ್ಜೆನ್ಸಿಗೆ ಹೋಗು. ಕತ್ತಲ್ಲಿ ಗಂಟು ಕೈಗೆ ಸಿಕ್ತಿದ್ರೆ, ಕಫದಲ್ಲಿ ರಕ್ತ ಕಂಡ್ರೆ, ತೂಕ ಇಳೀತಿದ್ರೆ, ಕಿವಿಗೆ ನೋವು ಹೊಡೀತಿದ್ರೆ ಅದನ್ನ ಡಾಕ್ಟ್ರಿಗೆ ಮೊದಲನೇ ಮಾತಾಗೇ ಹೇಳು, ಅವ್ರು ಕೇಳಲಿ ಅಂತ ಕಾಯ್ಬೇಡ.

ನೋವು ಶುರುವಾದ ತಾರೀಖು, ತಗೊಂಡ ಮಾತ್ರೆ ಹೆಸ್ರು, ಎರಡು ಸಲ ತಗೊಂಡಿದ್ದು, ಯಾವಾಗ ಜಾಸ್ತಿ, ರಾತ್ರಿ ಊಟದ ಟೈಮು, ಎಲ್ಲ ಒಂದು ಹಾಳೇಲಿ ಬರ್ಕೊಂಡು ಹೋಗು, ಅಲ್ಲಿ ಕೂತ್ರೆ ಅರ್ಧ ಮರೆತ್ಹೋಗುತ್ತೆ. ಶನಿವಾರ ಸ್ಕೂಲ್ ಮಧ್ಯಾಹ್ನಕ್ಕೆ ಬಿಟ್ರೆ ಅವತ್ತೇ ಹೋಗಿಬಿಡು. ಅವ್ರು ಏನಂದ್ರು ಅಂತ ನಂಗೆ ಎರಡು ಸಾಲು ಬರಿ, ಕಾಯ್ತಿರ್ತೀನಿ.