ಪ್ರತಿಕ್ರಿಯೆ: ಅಪ್ಪನಿಗೆ ಒಂದೇ ಆಪ್‌ನಲ್ಲಿ ಎರಡು ಮೂರು ಪತ್ರಿಕೆ

ನಿಮ್ಮ ತಂದೆಯವರಿಗೆ ಪತ್ರಿಕೆಗಳೆಲ್ಲ ಒಂದೇ ಕಡೆ, ದೊಡ್ಡ ಅಕ್ಷರದಲ್ಲಿ, ಸಿನಿಮಾ ಸುದ್ದಿಯಿಲ್ಲದೆ ಸಿಗಬೇಕು ಅಂದಿದ್ದೀರಿ. ಆಂಡ್ರಾಯ್ಡ್ ಫೋನಾದರೆ 'ಫೀಡರ್' ಎಂಬ ಸುದ್ದಿ ಓದುವ ಆಪ್ ಹಾಕಿಕೊಡಿ. ಉಚಿತ, ಮುಕ್ತ ತಂತ್ರಾಂಶ, ಖಾತೆ ತೆರೆಯಬೇಕಿಲ್ಲ. ಪತ್ರಿಕೆಯ ಜಾಲತಾಣದ ವಿಳಾಸ ಕೊಟ್ಟರೆ ಆರ್‌ಎಸ್‌ಎಸ್ ಫೀಡ್ (ಜಾಲತಾಣದ ಹೊಸ ಸುದ್ದಿಗಳನ್ನು ಇಂಥ ಆಪ್‌ಗೆ ಒದಗಿಸುವ ಪಟ್ಟಿ) ಇದೆಯೇ ಎಂದು ಅದೇ ಹುಡುಕುತ್ತದೆ. ವಿಭಾಗವಾರು ಫೀಡ್ ಕೊಡುವ ಪತ್ರಿಕೆಯಾದರೆ ರಾಜ್ಯ, ಕೃಷಿ ಮಾತ್ರ ಸೇರಿಸಿ. ಸಿನಿಮಾ ತಾನಾಗಿಯೇ ಹೊರಗುಳಿಯುತ್ತದೆ. ಇಲ್ಲದಿದ್ದರೆ ಶೀರ್ಷಿಕೆಯಲ್ಲಿ ಬೇಡದ ಪದವಿರುವ ಸುದ್ದಿಯನ್ನು ತಡೆಯುವ ಪಟ್ಟಿಯೂ ಇದೆ. ಅಕ್ಷರದ ಗಾತ್ರ ಸೆಟ್ಟಿಂಗ್ಸ್‌ನಲ್ಲಿ ಹಿಗ್ಗಿಸಿ. ಎಲ್ಲ ಮುಗಿದ ಮೇಲೆ ನೀವು ಸೇರಿಸಿದ ಫೀಡ್‌ಗಳ ಪಟ್ಟಿಯನ್ನು ಒಪಿಎಂಎಲ್ ಕಡತವಾಗಿ (ಬೇರೆ ಫೀಡ್ ಆಪ್‌ಗಳೂ ಓದಬಲ್ಲ ಕಡತ) ಉಳಿಸಿಡುವುದನ್ನು ದಯವಿಟ್ಟು ಮರೆಯಬೇಡಿ. 2013ರಲ್ಲಿ ಇದೇ ಬಗೆಯ ಸೇವೆಯಾದ ಗೂಗಲ್ ರೀಡರ್ ಮುಚ್ಚಿದಾಗ ಅನೇಕ ಓದುಗರ ಪಟ್ಟಿ ಬೇರೆ ಆಪ್‌ಗೆ ಸಾಗಿದ್ದು ಇಂಥ ಕಡತದಿಂದ. ಆದರೆ ಅಚ್ಚಿನ ಪುಟವೇ ಬೇಕೆಂದರೆ ಇದು ಸಾಲದು, ಆಯಾ ಪತ್ರಿಕೆಯ ಇ-ಪೇಪರ್ ನೋಡಬೇಕು.