ಪೆಟ್ಟಾದ ನಾಯಿ ಎರಡೇ ದಿನಕ್ಕೆ ಓಡಲು ಹೊರಟರೆ ಬಿಡಬಹುದಾ?

ಬಿಡಬೇಡಿ. ಕುಂಟುವುದು ನಿಂತಿತು ಅಂದರೆ ಗಾಯ ಮಾಗಿತು ಅಂತಲ್ಲ. ಡಾಕ್ಟರ್ ಕೊಟ್ಟ ಔಷಧಿ ನೋವು, ಊತವನ್ನು ಬೇಗ ಇಳಿಸುತ್ತದೆ. ಆದರೆ ಮೂಳೆಗಳನ್ನು ಕಟ್ಟಿ ಹಿಡಿಯುವ ನಾರು ಹರಿದಿದ್ದರೆ ಅದು ಕೂಡಲು ವಾರಗಳೇ ಬೇಕು, ಯಾಕೆಂದರೆ ಅಲ್ಲಿಗೆ ರಕ್ತ ಹರಿಯುವುದೇ ಕಡಿಮೆ. ಮುಧೋಳದಂಥ ಓಟದ ತಳಿಗೆ ಇದೆಲ್ಲ ಎಲ್ಲಿ ತಿಳಿಯಬೇಕು? ನೋವಿಲ್ಲದಿದ್ದರೆ ಓಡುತ್ತದೆ, ಒಂದೇ ಜಿಗಿತಕ್ಕೆ ನಾರು ಮತ್ತೆ ಹರಿಯಬಹುದು.

ಅದು ಬಾಗಿಲ ಹತ್ತಿರ ನಿಂತು ನಿಮ್ಮನ್ನೇ ನೋಡುವಾಗ ಕರುಳು ಚುರುಕ್ ಅನ್ನುತ್ತದೆ, ನಿಜ. ಆಗ ತಿಂಡಿ ಚೂರುಗಳನ್ನು ಹಳೇ ಟವೆಲ್‌ನಲ್ಲಿ ಸುತ್ತಿ ಕೊಡಿ. ಮೂಸಿ ಹುಡುಕುವ ಕೆಲಸಕ್ಕೂ ನಾಯಿ ಚೆನ್ನಾಗಿ ದಣಿಯುತ್ತದೆ.

ಮನೆಯಲ್ಲಿರುವ, ನಾವು ನೋವಿಗೆ ನುಂಗುವ ಐಬುಪ್ರೊಫೆನ್ ಮಾತ್ರೆಯನ್ನು ಮಾತ್ರ ಕೊಡಲೇಬೇಡಿ, ನಾಯಿಯ ಹೊಟ್ಟೆ, ಕಿಡ್ನಿಗೆ ಅದು ವಿಷ.