ಟೀಮ್ ಜಯನಗರದಲ್ಲಿ, ಕಂಪನಿ ಡೆಲಾವೇರ್‌ನಲ್ಲಿ

ವಿಜಯನಗರದಿಂದ ನೀವು ಬರೆದ ಪ್ರಶ್ನೆ ಇದು: ಅಮೆರಿಕದ ಡೆಲಾವೇರ್ ರಾಜ್ಯದಲ್ಲಿ ಕಂಪನಿ ನೋಂದಾಯಿಸಿ ಕ್ಯಾಲಿಫೋರ್ನಿಯಾಕ್ಕೆ ಬರುತ್ತಿದ್ದೇನೆ, ಕೋಡ್ ಬರೆಯುವ ಆರು ಜನ ಮತ್ತು ಕೋ-ಫೌಂಡರ್ ಜಯನಗರದಲ್ಲೇ ಇರುತ್ತಾರೆ, ಬಂದ ದುಡ್ಡೆಲ್ಲ ಸಂಬಳಕ್ಕೇ ಹೋಗುತ್ತೆ. ಲಾಭವೇ ಇಲ್ಲದ ಮೇಲೆ ತೆರಿಗೆ ಯಾತಕ್ಕೆ? ಜೊತೆಗೆ ಸಿಂಗಪುರ ವಾಸಿಯೇ, ವೀಸಾ ಹೇಗೆ, ಚಳಿಗೆ ಏನು ತರಬೇಕು ಅಂತಲೂ ಕೇಳಿದ್ದೀರಿ.

ಚಳಿಗೆ ಎರಡು ಸ್ವೆಟರ್ ಸಾಕು. ಸಿಂಗಪುರದಲ್ಲಿ ಕಂಪನಿ ತೆರಿಗೆ 17%, ಆದರೆ ಅಲ್ಲೇ ವಾಸವಿರುವ ಒಬ್ಬ ನಿರ್ದೇಶಕ ಬೇಕೇ ಬೇಕು. ಗಿರಾಕಿಗಳು ಅಮೆರಿಕದವರಾಗಿದ್ದರೆ ಹೇಗೂ ಇಲ್ಲಿಗೇ ಬರುತ್ತೀರಿ. ವೀಸಾ ವಿಷಯ ವಕೀಲರನ್ನೇ ಕೇಳಿ. ಬಿ-1 ಎಂಬ ವ್ಯವಹಾರ ಭೇಟಿಯ ವೀಸಾದಲ್ಲಿ ಬಂದು ಕಂಪನಿ ನೋಂದಾಯಿಸಬಹುದು, ಹೂಡಿಕೆದಾರರನ್ನು ಕಾಣಬಹುದು, ಕೂತು ಕೆಲಸ ಮಾಡುವಂತಿಲ್ಲ.

ನಾನು ಬಂದಿಳಿದ ವಾರ ವಿಚಾರಿಸಿದ್ದು ಬಾಡಿಗೆ ಮನೆ ಮತ್ತು ಸೋನಾ ಮಸೂರಿ ಸಿಗುವ ಅಂಗಡಿ ಮಾತ್ರ. ನೀವು ಹೊರಡುವ ಮುಂಚೆಯೇ ತೆರಿಗೆ ಕೇಳಿದ್ದೀರಿ. ಅದಕ್ಕೇ ಆ ಒಂದು ಪ್ರಶ್ನೆಗೆ ಉದ್ದವಾಗಿ ಬರೆಯುತ್ತಿದ್ದೇನೆ.

ಅಮೆರಿಕದ ಲೆಕ್ಕದಲ್ಲಿ ಲಾಭ ಅಂದರೆ ಬ್ಯಾಂಕಿನಲ್ಲಿ ಉಳಿದ ದುಡ್ಡಲ್ಲ. ಸಾಫ್ಟ್‌ವೇರ್ ಕಟ್ಟುವ ಖರ್ಚನ್ನು ಇಲ್ಲಿನ ಕಾನೂನು ಸಂಶೋಧನಾ ಖರ್ಚು ಎಂದು ಎಣಿಸುತ್ತೆ. 2025ರಲ್ಲಿ ಶುರುವಾದ ತೆರಿಗೆ ವರ್ಷದಿಂದ, ಅಮೆರಿಕದ ನೆಲದಲ್ಲಿ ನಡೆದ ಅಭಿವೃದ್ಧಿ ಕೆಲಸದ ಖರ್ಚನ್ನು ಅದೇ ವರ್ಷ ಪೂರ್ತಿ ಕಳೆಯಬಹುದು. ಹೊರದೇಶದಲ್ಲಿ ನಡೆದದ್ದನ್ನು ಮಾತ್ರ 15 ವರ್ಷಕ್ಕೆ ಹಂಚಬೇಕು, ಮೊದಲ ವರ್ಷ ಅದರಲ್ಲೂ ಅರ್ಧವೇ. ಎಂಜಿನಿಯರ್ ಯಾವ ದೇಶದವರು ಅನ್ನೋದು ಇಲ್ಲಿ ಮುಖ್ಯವಲ್ಲ, ಯಾವ ಊರಲ್ಲಿ ಕೂತು ಕೋಡ್ ಬರೆದರು ಅನ್ನೋದೇ ಮುಖ್ಯ.

ಲೆಕ್ಕ ಹಾಕಿ ನೋಡಿ. ವರ್ಷಕ್ಕೆ 3,00,000 ಡಾಲರ್ ಆದಾಯ ಬಂತು. ಜಯನಗರದ ಟೀಮಿಗೆ 2,50,000, ಇಲ್ಲಿನ ಖರ್ಚು 50,000. ಕೈಯಲ್ಲಿ ಉಳಿದದ್ದು ಸೊನ್ನೆ. ಆದರೆ 2,50,000ದ ಹದಿನೈದನೇ ಒಂದು ಭಾಗದಲ್ಲಿ ಅರ್ಧ, ಅಂದರೆ 8,333 ಡಾಲರ್ ಮಾತ್ರ ಈ ವರ್ಷ ಕಳೆಯಬಹುದು. ತೆರಿಗೆಗೆ ಸಿಗುವ ಆದಾಯ 2,41,667. ಅದರ 21% ಅಂದರೆ ಸುಮಾರು 50,750 ಡಾಲರ್, ಅದೂ ಅಮೆರಿಕದ ಕೇಂದ್ರ ಸರ್ಕಾರದ ತೆರಿಗೆ ಒಂದೇ. ಈ ದುಡ್ಡು ಎಲ್ಲಿಂದ ತರುತ್ತೀರಿ? ಮೇಲಾಗಿ ಟೀಮನ್ನು ಬೆಂಗಳೂರಿನ ಅಂಗಸಂಸ್ಥೆಯಲ್ಲಿ ಇಟ್ಟರೆ ಅದು ಖರ್ಚಿನ ಮೇಲೆ ಲಾಭಾಂಶ ಸೇರಿಸಿಯೇ ಬಿಲ್ ಮಾಡಬೇಕು, ಆ ಲಾಭಾಂಶಕ್ಕೆ ಭಾರತದಲ್ಲೂ ತೆರಿಗೆ. ಲಾಭವಿಲ್ಲದ ವರ್ಷಕ್ಕೆ ಎರಡು ದೇಶದಲ್ಲಿ ಕಟ್ಟಿದ ಹಾಗಾಯಿತು. ಪ್ರಾಡಕ್ಟ್ ಕೈಬಿಟ್ಟರೂ ಉಳಿದ ಮೊತ್ತವನ್ನು ಒಟ್ಟಿಗೆ ಕಳೆಯಲು ಬಿಡುವುದಿಲ್ಲ, ಹದಿನೈದು ವರ್ಷ ಎಳೆಯಲೇಬೇಕು.

ಇದರ ಭಾರ ತಗ್ಗಿಸಲು ಮೊದಲ ದಿನದಿಂದ ಟೈಮ್‌ಶೀಟ್ ಇಡಿಸಿ. ಗ್ರಾಹಕರ ಸಪೋರ್ಟ್, ತರಬೇತಿ, ಡೇಟಾ ಬದಲಾಯಿಸಿ ಹಾಕುವುದು, ಬಿಡುಗಡೆಯಾದ ಮೇಲೆ ಬರೀ ದೋಷ ತಿದ್ದುವ ನಿರ್ವಹಣೆ ಇವು ಅಭಿವೃದ್ಧಿ ಖರ್ಚಲ್ಲ, ಆಯಾ ವರ್ಷವೇ ಕಳೆಯಬಹುದು. ಹೊಸ ಫೀಚರ್ ಸೇರಿಸಿದರೆ ಅದು ಅಭಿವೃದ್ಧಿಯೇ. ತಿಂಗಳ ಬಿಲ್‌ನಲ್ಲಿ ಎರಡೂ ಬೇರೆ ಬೇರೆ ಸಾಲಿನಲ್ಲಿ ಬರಲಿ. ವರ್ಷದ ಕೊನೆಗೆ ನೆನಪಿನಿಂದ ಭಾಗ ಮಾಡಿದ ಪಟ್ಟಿಗೆ ತಪಾಸಣೆಯಲ್ಲಿ ಬೆಲೆ ಇರುವುದಿಲ್ಲ. ತೆರಿಗೆ 500 ಡಾಲರ್ ದಾಟುವ ಹಾಗಿದ್ದರೆ ಏಪ್ರಿಲ್, ಜೂನ್, ಸೆಪ್ಟೆಂಬರ್, ಡಿಸೆಂಬರ್ 15ಕ್ಕೆ ಕಂತು ಕಟ್ಟಬೇಕು ಅನ್ನೋದನ್ನೂ ಬರೆದಿಟ್ಟುಕೊಳ್ಳಿ.

ಟೈಮ್‌ಶೀಟ್‌ಗಿಂತ ಮುಂಚಿನ ಪ್ರಶ್ನೆ ಬೇರೆಯೇ ಇದೆ: ಕೋಡಿನ ಒಡೆತನ ಎಲ್ಲಿರಬೇಕು? ಬೆಂಗಳೂರಿನ ಪ್ರೈವೇಟ್ ಲಿಮಿಟೆಡ್ ಅನ್ನೇ ತಾಯಿ ಕಂಪನಿ ಮಾಡಿ, ಅಮೆರಿಕದ್ದನ್ನು ಮಾರಾಟದ ಅಂಗಸಂಸ್ಥೆಯಾಗಿ ಇಟ್ಟರೆ, ಎಂಜಿನಿಯರ್‌ಗಳ ಸಂಬಳ ಬೆಂಗಳೂರಿನ ಪುಸ್ತಕದಲ್ಲೇ ಖರ್ಚಾಗುತ್ತೆ. ಈ ಹದಿನೈದು ವರ್ಷದ ಗೋಳು ಹತ್ತಿರ ಬರುವುದಿಲ್ಲ. ಇಲ್ಲಿಂದ ಅಲ್ಲಿಗೆ ರಾಯಲ್ಟಿ (ಕೋಡ್ ಬಳಸುವ ಶುಲ್ಕ) ಎಂದು ಕಳಿಸಿದರೆ ಎರಡು ದೇಶಗಳ ಒಪ್ಪಂದದಂತೆ 15% ತೆರಿಗೆ ಇಲ್ಲಿ ಹಿಡಿಯಬೇಕು, ಅದನ್ನು ಅಲ್ಲಿನ ತೆರಿಗೆಯಲ್ಲಿ ಕಳೆಯಲು ಕ್ರೆಡಿಟ್ ಕೇಳಬಹುದು. ಇಲ್ಲಿನ ಹೂಡಿಕೆದಾರರಲ್ಲಿ ಬಹಳ ಜನ ಡೆಲಾವೇರ್ ತಾಯಿ ಕಂಪನಿಯನ್ನೇ ಕೇಳುತ್ತಾರೆ, ನಿಜ. ಆದರೆ ಹೂಡಿಕೆದಾರ ಇನ್ನೂ ಸಿಗದವರು ಅವರಿಗೋಸ್ಕರ ಮುಂಚೆಯೇ ಕೋಡನ್ನು ಇಲ್ಲಿಗೆ ಬರೆದುಕೊಡಬೇಕಾಗಿಲ್ಲ. ಒಮ್ಮೆ ಅಮೆರಿಕದ ಕಂಪನಿಯ ಹೆಸರಿಗೆ ಹೋದ ಕೋಡನ್ನು ವಾಪಸ್ ತರುವುದೆಂದರೆ ಮಾರುಕಟ್ಟೆ ಬೆಲೆಗೆ ಮಾರಿದ ಹಾಗೆ, ಬೆಲೆ ಏರಿದಷ್ಟೂ ತೆರಿಗೆ. ನಮ್ಮ ಹುಡುಗರು ನಮ್ಮೂರಲ್ಲಿ ಕೂತು ಬರೆದದ್ದನ್ನು ಯೋಚಿಸದೆ ಬೇರೆ ದೇಶಕ್ಕೆ ಬರೆದುಕೊಟ್ಟ ಕೊರಗು ನನಗೆ ಇವತ್ತಿಗೂ ಹೋಗಿಲ್ಲ.

ಇನ್ನು ಫೆಮಾ, ಅಂದರೆ ಭಾರತದ ವಿದೇಶಿ ವಿನಿಮಯ ಕಾನೂನು. ಬೆಂಗಳೂರಲ್ಲಿ ವಾಸವಿದ್ದುಕೊಂಡು ಷೇರುಪೇಟೆಯಲ್ಲಿ ಪಟ್ಟಿಯಾಗದ ಹೊರದೇಶದ ಕಂಪನಿಯ ಒಂದೇ ಒಂದು ಷೇರು ತೆಗೆದುಕೊಂಡರೂ ಅದು ಒಡಿಐ, ಅಂದರೆ ಹೊರದೇಶದಲ್ಲಿ ನೇರ ಹೂಡಿಕೆ. ಬ್ಯಾಂಕಿನ ಮೂಲಕ ಫಾರ್ಮ್ ಎಫ್‌ಸಿ ಹಾಕಿ, ಆ ಹೂಡಿಕೆಯ ಗುರುತಿನ ಸಂಖ್ಯೆ (ಯುಐಎನ್) ಪಡೆದು, ಆಮೇಲೆ ಹಣ ಕಳಿಸಬೇಕು. ಒಬ್ಬರು ಹೊರದೇಶಕ್ಕೆ ಕಳಿಸುವ ಹಣಕ್ಕೆ ಎಲ್ಲ ಸೇರಿ ಆರ್ಥಿಕ ವರ್ಷಕ್ಕೆ 2,50,000 ಡಾಲರ್ ಮಿತಿ. ಕಾರ್ಡ್‌ನಿಂದ ಆನ್‌ಲೈನಲ್ಲಿ ನೋಂದಣಿ ಮುಗಿಸಿ ಆಮೇಲೆ ಬ್ಯಾಂಕಿಗೆ ಹೋಗುವುದೇ ಸಾಮಾನ್ಯ ತಪ್ಪು. ಅದಕ್ಕಿಂತ ದೊಡ್ಡದು 2022ರ ನಿಯಮ: ಭಾರತದಲ್ಲಿ ವಾಸವಿರುವ ವ್ಯಕ್ತಿಗೆ ನಿಯಂತ್ರಣವಿರುವ ಹೊರದೇಶದ ಕಂಪನಿಗೆ ಅಂಗಸಂಸ್ಥೆ ಇರುವಂತಿಲ್ಲ. 10% ಮತಹಕ್ಕು ಇದ್ದರೂ ನಿಯಂತ್ರಣವೆಂದೇ ಎಣಿಕೆ. ನಿಮ್ಮ ಕೋ-ಫೌಂಡರ್ ಜಯನಗರದಲ್ಲಿ ಕೂತು ಡೆಲಾವೇರ್ ಕಂಪನಿಯಲ್ಲಿ 40% ಇಟ್ಟುಕೊಂಡು, ಅದೇ ಕಂಪನಿ ಬೆಂಗಳೂರಲ್ಲಿ ಅಂಗಸಂಸ್ಥೆ ತೆರೆದರೆ ನೇರ ಉಲ್ಲಂಘನೆ. ನೀವು ಇಲ್ಲಿಗೆ ಬಂದ ಮಾತ್ರಕ್ಕೆ ಅವರ ಕಷ್ಟ ಕಳೆಯುವುದಿಲ್ಲ. ಬೆಂಗಳೂರಿನ ಕಂಪನಿಯನ್ನು ಮೇಲಿಡಿ ಎಂದು ನಾನು ಒತ್ತಿ ಹೇಳುವುದಕ್ಕೆ ಇದು ಇನ್ನೊಂದು ಕಾರಣ. ಆ ಕಂಪನಿ ಅಮೆರಿಕದ್ದರಲ್ಲಿ ಹೂಡುವುದಕ್ಕೂ ಒಡಿಐ ಕಾಗದ ಬೇಕು, ಮಿತಿ ಅದರ ನಿವ್ವಳ ಮೌಲ್ಯದ 400%. ಷೇರು ಹಂಚುವ ಮುಂಚೆ ಫೆಮಾ ಬಲ್ಲ ಸಿಎ ಹತ್ತಿರ ಒಂದು ಗಂಟೆ ಕೂತುಕೊಳ್ಳಿ. ಐಟಿ ರಿಟರ್ನ್ ಮಾತ್ರ ತುಂಬುವವರಿಗೆ ಇದು ಗೊತ್ತಿರುವುದಿಲ್ಲ.

ಇಷ್ಟಾದರೂ ಡೆಲಾವೇರ್ ತಾಯಿ ಕಂಪನಿಯೇ ಆಗಲಿ ಎಂದು ನಿರ್ಧರಿಸಿದರೆ, ಬೆಂಗಳೂರಿನ ಅಂಗಸಂಸ್ಥೆ ಷೇರು ಹಂಚಿದ 30 ದಿನದೊಳಗೆ ರಿಸರ್ವ್ ಬ್ಯಾಂಕಿಗೆ ಎಫ್‌ಸಿ-ಜಿಪಿಆರ್ ಎಂಬ ಫಾರ್ಮ್ ಹಾಕಬೇಕು, ಪ್ರತಿ ಜುಲೈ 15ಕ್ಕೆ ಹೊರದೇಶದ ಹೂಡಿಕೆಯ ವಿವರ ಕೊಡುವ ಎಫ್‌ಎಲ್‌ಎ ರಿಟರ್ನ್. ರಫ್ತಿನ ಬಿಲ್ ಹೊರಡುವ ಮುಂಚೆ ಜಿಎಸ್‌ಟಿ ಕಟ್ಟದೆ ರಫ್ತು ಮಾಡಲು ಕೊಡುವ ಎಲ್‌ಯುಟಿ ಎಂಬ ಮುಚ್ಚಳಿಕೆ ಕೊಟ್ಟಿರಲಿ. ಇಲ್ಲಿನ ಕಂಪನಿ ತನ್ನ ರಿಟರ್ನ್ ಜೊತೆ ಅಂಗಸಂಸ್ಥೆಗಾಗಿ ಫಾರ್ಮ್ 5471 ಲಗತ್ತಿಸಬೇಕು, ಮರೆತರೆ ದಂಡ 10,000 ಡಾಲರ್. ಹೊರದೇಶದವರೊಬ್ಬರ ಕೈಯಲ್ಲಿ 25% ಅಥವಾ ಹೆಚ್ಚು ಷೇರಿದ್ದು, ಅವರ ಜೊತೆ ವ್ಯವಹಾರ ನಡೆದಿದ್ದರೆ ಫಾರ್ಮ್ 5472, ದಂಡ 25,000. ತೆರಿಗೆ ಒಂದು ಡಾಲರ್ ಬಾರದಿದ್ದರೂ ಈ ದಂಡ ಬೀಳುತ್ತೆ.

ಮಾರ್ಚ್ 1ಕ್ಕೆ ಡೆಲಾವೇರ್ ಫ್ರಾಂಚೈಸ್ ತೆರಿಗೆ. ಒಂದು ಕೋಟಿ ಅಧಿಕೃತ ಷೇರಿನ ಕಂಪನಿಗೆ 85,165 ಡಾಲರ್ ಎಂದು ನೋಟಿಸ್ ಬರುತ್ತೆ, ಗಾಬರಿಯಾಗಬೇಡಿ. ಅದು ಷೇರು ಎಣಿಸುವ ವಿಧಾನ. ಆಸ್ತಿ ಮತ್ತು ಹಂಚಿದ ಷೇರಿನ ಮೇಲೆ ಲೆಕ್ಕ ಹಾಕುವ ಇನ್ನೊಂದು ವಿಧಾನ ಆರಿಸಿದರೆ, ಬಹುಪಾಲು ಷೇರು ಹಂಚಿಯಾಗಿದ್ದು ಆಸ್ತಿ ಕಡಿಮೆಯಿರುವ ಹೊಸ ಕಂಪನಿಗೆ 400 ಡಾಲರ್, ವಾರ್ಷಿಕ ವರದಿಗೆ 50. ಕಂಪನಿಯ ಆದಾಯ ರಿಟರ್ನ್ ಏಪ್ರಿಲ್ 15ಕ್ಕೆ. ನಮ್ಮಲ್ಲಿ ಡೇಟ್ ಎಕ್ಸ್‌ಟೆಂಡ್ ಆಗುತ್ತೆ ಅಂತ ಸಿಎ ಕಾಯುವ ಹಾಗೆ ಇಲ್ಲಿ ಕಾಯಬೇಡಿ. ಫಾರ್ಮ್ 7004 ಹಾಕಿ ನೀವೇ ಕೇಳಬೇಕು, ಸಿಗುವ ಆರು ತಿಂಗಳು ರಿಟರ್ನ್‌ಗೆ ಮಾತ್ರ, ಹಣಕ್ಕಲ್ಲ. ನಿಮ್ಮ ಷೇರಿಗೆ ವೆಸ್ಟಿಂಗ್ ಇದ್ದರೆ, ಅಂದರೆ ಅದು ವರ್ಷಗಳು ಕಳೆದಂತೆ ಪೂರ್ತಿ ನಿಮ್ಮದಾಗುವುದಾದರೆ, ಷೇರಿನ ತೆರಿಗೆಯನ್ನು ಈಗಲೇ ಲೆಕ್ಕ ಹಾಕಿ ಎಂದು ಕೇಳುವ 83(ಬಿ) ಕಾಗದ ಷೇರು ಸಿಕ್ಕ 30 ದಿನದೊಳಗೆ ಹೋಗಬೇಕು, ಗಡುವು ದಾಟಿದರೆ ಯಾವ ವಿನಾಯಿತಿಯೂ ಇಲ್ಲ.

ಬರುವಾಗ ಡಿಜಿಟಲ್ ಸಹಿಯ ಡಿಎಸ್‌ಸಿ ಟೋಕನ್ ಕೈಚೀಲದಲ್ಲೇ ಇರಲಿ. ಬೆಂಗಳೂರಿನ ಸಿಮ್ ರೋಮಿಂಗ್‌ನಲ್ಲಿ ಜೀವಂತವಾಗಿರಲಿ, ಬ್ಯಾಂಕಿನ ಒಟಿಪಿ ಅದಕ್ಕೇ ಬರುವುದು. ಸಹಿ ಮಾಡಬೇಕಾದ ನೋಂದಣಿ ಕಾಗದಗಳನ್ನು ಅಲ್ಲಿರುವಾಗಲೇ ಮುಗಿಸಿ. ಇಲ್ಲಿಂದ ಕಳಿಸಬೇಕಾದರೆ ನೋಟರಿ, ಅಪಾಸ್ಟಿಲ್ (ಹೊರದೇಶದಲ್ಲಿ ಒಪ್ಪುವಂಥ ಸರ್ಕಾರಿ ದೃಢೀಕರಣ) ಎಂದು ವಾರಗಟ್ಟಲೆ ಹೋಗುತ್ತೆ. ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ರೂಪಾಯಿ ಖಾತೆ ಮಾಡಿಸಿ. ತೆರಿಗೆ ಲೆಕ್ಕದಲ್ಲಿ ಇಲ್ಲಿನ ನಿವಾಸಿಯಾದ ಮೇಲೆ ಹೊರದೇಶದ ಖಾತೆಗಳೆಲ್ಲ ಸೇರಿ ಯಾವುದೇ ದಿನ 10,000 ಡಾಲರ್ ದಾಟಿದರೆ ಆ ಖಾತೆಗಳ ವಿವರವನ್ನು ಅಮೆರಿಕದ ಸರ್ಕಾರಕ್ಕೆ ತಿಳಿಸುವ ಎಫ್‌ಬಾರ್ ಹಾಕಬೇಕು. ಅಮ್ಮನ ಜೊತೆ ಜಂಟಿಯಾಗಿರುವ ಖಾತೆಯೂ ಅದರಲ್ಲಿ ಪೂರ್ತಿ ಸೇರುತ್ತೆ. ಇದಕ್ಕೆ ಹೆದರಿ ಕೆಲವರು ತಮ್ಮ ಹೆಸರು ತೆಗೆಸುತ್ತಾರೆ. ನೀವು ಹಾಗೆ ಮಾಡಬೇಡಿ. ಅದು ಬರೀ ಮಾಹಿತಿಯ ಫಾರ್ಮ್, ತೆರಿಗೆಯಲ್ಲ. ಅಮ್ಮನಿಗೆ ಆಸ್ಪತ್ರೆ ಖರ್ಚು ಬಂದ ದಿನ ಇಲ್ಲಿಂದಲೇ ಆ ಖಾತೆಯಿಂದ ಹಣ ತೆಗೆಯಲು ನಿಮ್ಮ ಹೆಸರು ಅದರಲ್ಲಿ ಇರಬೇಕು.